ಬೀಗಿತಿಯ ಊರಿನಲ್ಲಿ ಬಾಲ ಹಚ್ಚಿದ ಮಾತು

ಹಲಸೂರು, ಅಡುಗೆಮನೆ

ನಾನು ಸ್ಪ್ಯಾನಿಷ್ ಕಲಿತದ್ದು ಸೊಪ್ಪು ಬಿಡಿಸುತ್ತಾ. ನನ್ನ ಮಗಳು ಕಾವ್ಯ ಇಂದಿರಾನಗರದ ಒಂದು ಸಂಸ್ಥೆಯಲ್ಲಿ ಆ ಭಾಷೆ ಹೇಳಿಕೊಡುತ್ತಿದ್ದಳು. ಆಮೇಲೆ ಪಾಠವೆಲ್ಲ ಆನ್‌ಲೈನ್ ಆಗಿ ನಮ್ಮ ಹಲಸೂರಿನ ಮನೆಯ ಹಾಲಿಗೇ ಬಂತು. ಹಾಲಿಗೂ ಅಡುಗೆಮನೆಗೂ ನಡುವೆ ಒಂದು ಪರದೆ ಮಾತ್ರ. ಆಚೆ ಕಂಪ್ಯೂಟರಿನೊಳಗೆ ಹನ್ನೆರಡು ಜನ ವಿದ್ಯಾರ್ಥಿಗಳು, ಈಚೆ ದಂಟಿನ ಸೊಪ್ಪಿನ ಮುಂದೆ ನಾನು ಹದಿಮೂರನೆಯವನು.

ಇಪ್ಪತ್ತೊಂಬತ್ತು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಹೆಚ್ಚಿನ ಕಾಲ ಶಿವಾಜಿನಗರದಿಂದ ಕೆ.ಆರ್. ಪುರದ ದಾರಿ. ಆ ದಾರಿಯಲ್ಲಿ ಒಂದೇ ಭಾಷೆ ಇಟ್ಟುಕೊಂಡು ಯಾರಿಗೂ ಟಿಕೆಟ್ ಕೊಡಲಾಗದು. ಶಿವಾಜಿನಗರದಲ್ಲಿ ಹತ್ತುವ ಉರ್ದುವಿನವರು ಮಾತನ್ನು ‘ಬಾತಾಂ’, ಜನವನ್ನು ‘ಲೋಗಾಂ’ ಎಂದು ಎಳೆಯುತ್ತಾರೆ. ಹಲಸೂರಿನಲ್ಲಿ ಹತ್ತುವ ತಮಿಳು ಹೆಂಗಸರಿಗೆ ಎಲ್ಲದರ ಕೊನೆಗೂ ಒಂದು ‘ಮ್ಮಾ’ ಬೇಕು. ನಾವು ಕನ್ನಡದವರು ಮುನಿಯನನ್ನು ಮುನಿಯಪ್ಪ ಮಾಡುತ್ತೇವೆ, ಬಸ್ ಎಂಬುದನ್ನು ಬಾಯಿಗೆ ಬಂದ ಕೂಡಲೇ ಬಸ್ಸು ಮಾಡುತ್ತೇವೆ. ಶಾಲೆಯಲ್ಲಿ ಮೇಷ್ಟ್ರು ಇದನ್ನು ಪ್ರತ್ಯಯ ಎನ್ನುತ್ತಿದ್ದರು. ನಾನು ಬಾಲ ಎನ್ನುತ್ತೇನೆ.

ಸ್ಪ್ಯಾನಿಷ್ ಭಾಷೆಯ ಪೂರಾ ಬಂಡವಾಳ ಬಾಲದಲ್ಲಿದೆ ಎಂಬುದು ನನಗೆ ಪರದೆಯ ಹಿಂದೆ ಬೇಗ ಗೊತ್ತಾಯಿತು. ‘ಪಾನ್’ ಎಂದರೆ ಬ್ರೆಡ್ಡು. ಅದನ್ನು ಮಾಡುವವನು ಪನಾದೇರೊ, ಮಾರುವ ಅಂಗಡಿ ಪನಾದೆರೀಯಾ. ಮೇಜು ‘ಮೇಸಾ’ ಆದರೆ ಪುಟ್ಟ ಮೇಜು ‘ಮೆಸೀತಾ’. ಕುರ್ಚಿ ‘ಸೀಯಾ’ ಆದರೆ ಮೈಚಾಚಿ ಕೂರುವ ದೊಡ್ಡ ಕುರ್ಚಿ ‘ಸಿಯೋನ್’. ಇತೊ, ಇತಾ ಹಚ್ಚಿದರೆ ಚಿಕ್ಕದು ಅಥವಾ ಮುದ್ದು. ಓತೆ ಹಚ್ಚಿದರೆ ಭಾರೀ ಗಾತ್ರದ್ದು. ಊಚೊ, ಊಚಾ ಹಚ್ಚಿದರೆ ತಾತ್ಸಾರ. ಪದ ಇಪ್ಪತ್ತು ಗೊತ್ತಿದ್ದರೆ ಸಾಕು, ಬಾಲ ಹಚ್ಚಿ ಇನ್ನೂರು ಮಾಡಿಕೊಳ್ಳಬಹುದು ಎಂದು ನಾನು ಲೆಕ್ಕ ಹಾಕಿದೆ. ನನಗೆ ಸ್ವಲ್ಪ ಜಂಬ ಬಂದದ್ದೂ ನಿಜ.

ಕಾವ್ಯಳ ಸಂಸ್ಥೆಗೆ ಒಂದು ವರ್ಷಕ್ಕೆಂದು ಬಂದ ಮೆಕ್ಸಿಕೊದ ಮೇಷ್ಟ್ರು ಆಂದ್ರೆಸ್ ಎರಡು ವರ್ಷ ಉಳಿದ, ನಮ್ಮ ಅಳಿಯನಾದ, ಅವಳನ್ನು ತನ್ನ ಊರು ಪುಯೆಬ್ಲಾಗೆ ಕರೆದುಕೊಂಡು ಹೋದ. ಈಗ ಅವಳಿಗೆ ಹೆರಿಗೆ. ಬಾಣಂತನಕ್ಕೆ ಹೋಗಬೇಕಾದ ನನ್ನ ಹೆಂಡತಿ ಸರೋಜ ಮಂಡಿ ಆಪರೇಷನ್ ಮಾಡಿಸಿಕೊಂಡು ವಾಕರ್ ಹಿಡಿದಿದ್ದಳು. ಹಾಗಾಗಿ ನಾನು ಹೊರಟೆ. ಗಂಡಸು ಬಾಣಂತನಕ್ಕೆ ಹೋಗುವುದನ್ನು ಬೀದಿಯವರೆಲ್ಲ ಆಡಿಕೊಂಡು ನಕ್ಕರು. ಸರೋಜ ನಗಲಿಲ್ಲ.

“ಬಾಣಂತನ ನೀವು ಮಾಡೋದು ಅಷ್ಟರಲ್ಲೇ ಇದೆ. ಆ ಬೀಗ್ತೀನ ಒಲಿಸ್ಕೊಂಡ್ ಬನ್ರೀ, ಅಷ್ಟು ಸಾಕು. ನಾವಿಲ್ದಾಗ ಅಲ್ಲಿ ನಮ್ ಹುಡ್ಗೀಗೆ ಇರೋದು ಆಯಮ್ಮ ಒಬ್ರೇ.”

ಮದುವೆಗೆ ಬೀಗಿತಿ ಬಂದಿರಲಿಲ್ಲ. ಫೋನಿನ ಪರದೆಯಲ್ಲಿ ಕೈಯಾಡಿಸಿದ್ದಷ್ಟೇ ಪರಿಚಯ. ಸರೋಜ ಹೇಳಿದ ಆ ಒಂದೇ ಕೆಲಸವನ್ನು ಹೊತ್ತು ನಾನು ವಿಮಾನ ಹತ್ತಿದೆ.

ಕಸ್ಟಮ್ಸ್ ಮೇಜು

ಮೆಕ್ಸಿಕೊ ಸಿಟಿಯಲ್ಲಿ ನನ್ನ ಪೆಟ್ಟಿಗೆ ತೆರೆಸಿದರು. ರಾಗಿ ಹಿಟ್ಟು, ಮೆಣಸಿನ ಸಾರಿನ ಪುಡಿ, ಒಣಶುಂಠಿ ಪುಡಿ, ಸಾಂಬ್ರಾಣಿ, ಬಜೆ. ಎಲ್ಲವೂ ಪ್ಲಾಸ್ಟಿಕ್ ಪೊಟ್ಟಣದಲ್ಲಿ, ಹೆಸರಿಲ್ಲದೆ. ಅಧಿಕಾರಿ ಹೆಂಗಸು ಇದೇನು ಎಂದು ಕೇಳಿದಳು. ಪುಡಿಗೆ ‘ಪೊಲ್ವೊ’ ಎನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಒರಟಾಗಿ ಕೇಳಿಸಬಾರದೆಂದು ಮುದ್ದಿನ ಬಾಲ ಹಚ್ಚಿ, ಕಣ್ಣು ಮಿಟುಕಿಸಿ, “ಪೊಲ್ವೀತೊ” ಎಂದೆ.

ಗುರುತಿಲ್ಲದ ಪುಡಿಯನ್ನು ಹೀಗೆ ಮುದ್ದಾಗಿ ಕರೆಯುವವನನ್ನು ಯಾವ ದೇಶದಲ್ಲೂ ಸುಮ್ಮನೆ ಬಿಡುವುದಿಲ್ಲ. ನಾಯಿ ಬಂತು. ಅದು ರಾಗಿಯನ್ನು ಮೂಸಿ, ಸಾರಿನ ಪುಡಿಯನ್ನು ಮೂಸಿ, ಎರಡು ಸಲ ಸೀನಿತು. ಅಧಿಕಾರಿಗೆ ನಗು ಬಂತು. ಮಗಳು ಬಾಣಂತಿ ಎಂದು ಕೈಸನ್ನೆಯಲ್ಲಿ ತೋರಿಸಿದೆ. ಆಕೆ ಪೊಟ್ಟಣಗಳನ್ನು ತಾನೇ ಜೋಡಿಸಿ ಪೆಟ್ಟಿಗೆ ಮುಚ್ಚಿದಳು.

ಹೊರಗೆ ಆಂದ್ರೆಸ್ ಟ್ಯಾಕ್ಸಿ ತಂದಿದ್ದ. ನಾನು ಹತ್ತಿ ಕೂತು ಬಸ್ಸಿನ ಬಾಗಿಲು ಹಾಕುವ ಹಾಗೆ ಬಾಗಿಲು ಬಡಿದೆ. ಡ್ರೈವರ್ ಎದೆ ಮುಟ್ಟಿಕೊಂಡು “ಪೋರ್ತಾಸೊ!” ಎಂದು ನರಳಿದ. ‘ಪುಯೆರ್ತಾ’ ಬಾಗಿಲು, ‘ಆಸೊ’ ಎಂಬ ಬಾಲ ಹಚ್ಚಿದರೆ ಅದರಿಂದ ಬಿದ್ದ ಏಟು. ಬಾಗಿಲು ಬಡಿಯುವವರಿಗೆಂದೇ ಒಂದು ಪದ ಇಟ್ಟಿರುವ ದೇಶ ಎಂದುಕೊಂಡೆ.

ಪುಯೆಬ್ಲಾ, ಮೊದಲ ವಾರ

ಮಗು ಹುಟ್ಟಿ ನಾಲ್ಕು ದಿನವಾಗಿತ್ತು. ಹೆಣ್ಣು, ಹೆಸರು ತಾರಾ. ಬಾಗಿಲು ತೆರೆದವರು ಬೀಗಿತಿ ಲೂಪೆ, ಅಲ್ಲಿನ ಮರ್ಯಾದೆಯ ಮಾತಿನಲ್ಲಿ ದೋನ್ಯಾ ಲೂಪೆ. ಗಿಡ್ಡ ಆಳು, ಬಿಗಿಯಾದ ಜಡೆ, ಸೊಂಟಕ್ಕೆ ಏಪ್ರನ್ನು. ನಾನು ಕೈಮುಗಿದೆ. ಆಕೆ ಕೈ ಚಾಚಿದ್ದರು. ಇಬ್ಬರೂ ತಿದ್ದಿಕೊಳ್ಳಲು ಹೋಗಿ ನಾನು ಕೈ ಚಾಚುವ ಹೊತ್ತಿಗೆ ಆಕೆ ಕೈಮುಗಿದಿದ್ದರು.

ಬಾಣಂತನ ನಮ್ಮ ಕಡೆಯದೇ ಸ್ವತ್ತು ಎಂದುಕೊಂಡು ಹೋದವನಿಗೆ ಆ ಮನೆಯಲ್ಲಿ ಕಂಡದ್ದೇ ಬೇರೆ. ಅಲ್ಲೂ ನಲವತ್ತು ದಿನ. ಅಲ್ಲೂ ತಣ್ಣೀರು ಮುಟ್ಟುವಂತಿಲ್ಲ, ಕಿವಿಗೆ ಗಾಳಿ ತಾಗುವಂತಿಲ್ಲ, ಹೊಟ್ಟೆಗೆ ಬಟ್ಟೆ ಬಿಗಿಯಬೇಕು. ಸರೋಜ ಪುಯೆಬ್ಲಾದ ಬೆಳಗ್ಗೆ, ಅಂದರೆ ಹಲಸೂರಿನ ಸಂಜೆ, ಫೋನಿನಲ್ಲಿ ಆಜ್ಞೆ ಹೊರಡಿಸುತ್ತಿದ್ದಳು. ನಾನು ತಲೆ ಎತ್ತಿ ನೋಡಿದರೆ ದೋನ್ಯಾ ಲೂಪೆ ಅದನ್ನಾಗಲೇ ಮಾಡಿ ಮುಗಿಸಿರುತ್ತಿದ್ದರು.

ಜಗಳ ಇದ್ದದ್ದು ಒಲೆಯ ಮೇಲೆ. ಅವರದು ಕೋಳಿ ಸಾರು, ನನ್ನದು ಬೆಳ್ಳುಳ್ಳಿ ಮೆಣಸಿನ ಸಾರು. ಮೊದಲ ಎರಡು ದಿನ ನನ್ನ ಪಾತ್ರೆ ಇಳಿದು ಅವರದು ಏರುತ್ತಿತ್ತು, ಅವರದು ಇಳಿದು ನನ್ನದು ಏರುತ್ತಿತ್ತು. ಮೂರನೆಯ ದಿನ ಅವರು ನನ್ನ ಸಾರಿನ ಒಂದು ಚಮಚ ರುಚಿ ನೋಡಿ, ಕೆಮ್ಮಿ, ಕಣ್ಣೊರೆಸಿಕೊಂಡು ಇನ್ನೊಂದು ಚಮಚ ಬೇಡಿದರು. ಅಂದಿನಿಂದ ಒಲೆ ಹಂಚಿಕೆಯಾಯಿತು.

ಅವರ ಬಾಯಲ್ಲಿ ಬಾಲವಿಲ್ಲದ ಪದವೇ ಇರಲಿಲ್ಲ. ಕಾಲ್ದೊ ಎಂದರೆ ಸಾರು, ಅವರಿಗದು ಕಾಲ್ದೀತೊ. ನೀರು ಅಗ್ವೀತಾ. ಮಗುವಿನ ತಲೆ, ಕೈ, ಕಾಲು, ಕಡೆಗೆ ಬಿಸಿಲಿಗೂ ಇತೊ, ಇತಾ. ಇಡೀ ಲೋಕ ಅವರ ಮಡಿಲಲ್ಲಿ ಮಲಗಿದೆಯೇನೋ ಅನ್ನಿಸುತ್ತಿತ್ತು. ಗ್ಯಾಸ್ ಸಿಲಿಂಡರಿನವನು ಫೋನಿನಲ್ಲಿ “ಅವೊರೀತಾ” ಎಂದ. ‘ಅವೋರಾ’ ಎಂದರೆ ಈಗ, ಬಾಲ ಹಚ್ಚಿದ್ದಾನೆ, ಈಗಿಂದೀಗಲೇ ಬರುತ್ತಾನೆ ಎಂದು ನಾನು ಬಾಗಿಲಲ್ಲಿ ನಿಂತೆ. ಮೂರು ಗಂಟೆ ನಿಂತೆ. ಕಾವ್ಯ ನಕ್ಕಳು.

“ಅಪ್ಪಾ, ನಮ್ ಪ್ಲಂಬರ್ ‘ಬಂದ್ಬಿಟ್ಟೆ ಸಾರ್’ ಅಂತಾನಲ್ಲ, ಮನೇಲಿ ಕಾಫಿ ಕುಡೀತಾ? ಅದೇ ಇದು.”

ಅಲ್ಲಿಗೆ ನನಗೆ ಪೂರ್ತಿ ಅರ್ಥವಾಯಿತು.

ಒಂದು ವಿಷಯದಲ್ಲಿ ಮಾತ್ರ ಕಾವ್ಯ ಖಡಾಖಂಡಿತವಾಗಿದ್ದಳು. ಸರೋಜ ಕಳಿಸಿದ್ದ ಬಜೆಯ ಬಳೆ, ಕರಿಮಣಿ ಪೋಣಿಸಿದ್ದು, ನಾನು ಮೊದಲ ದಿನವೇ ತೆಗೆದೆ. “ಬೇಡಪ್ಪ. ದೃಷ್ಟಿ ಗಿಷ್ಟಿ ಎಲ್ಲ ಇಲ್ಲಿ ಶುರು ಮಾಡ್ಬೇಡ. ಮಗು ಬಾಯಿಗ್ ಹಾಕ್ಕೊಂಡ್ರೆ?” ಎಂದಳು. ಬಾಣಂತಿಯ ಜೊತೆ ವಾದ ಮಾಡಬಾರದು. ಬಳೆ ಮತ್ತೆ ಪೆಟ್ಟಿಗೆ ಸೇರಿತು.

ಕೊಂಬಿ ವ್ಯಾನು

ಅಲ್ಲಿ ಬಸ್ಸಿಗಿಂತ ಹೆಚ್ಚಾಗಿ ಕೊಂಬಿ ಎಂಬ ವ್ಯಾನುಗಳು ಓಡುತ್ತವೆ. ಕಂಡಕ್ಟರ್ ಇಲ್ಲ. ಇದನ್ನು ಕಂಡು ನನಗೆ ಮೊದಲು ಸಿಟ್ಟೇ ಬಂತು. ಹಿಂದೆ ಕೂತವರು ಚಿಲ್ಲರೆಯನ್ನು ಮುಂದಿನವರ ಕೈಗೆ ಕೊಡುತ್ತಾರೆ, ಅವರು ಅವರ ಮುಂದಿನವರಿಗೆ, ಹಾಗೇ ಡ್ರೈವರಿಗೆ. ಹತ್ತುವವರು ಒಳಗಿರುವ ಎಲ್ಲರಿಗೂ ಶುಭೋದಯ ಹೇಳುತ್ತಾರೆ, ಒಳಗಿರುವವರು ಒಟ್ಟಿಗೆ ಉತ್ತರ ಕೊಡುತ್ತಾರೆ. ನನ್ನ ಬಸ್ಸಿನಲ್ಲಿ ಬೆಳಗ್ಗೆ ಎಂಟೂವರೆಗೆ ಯಾರಾದರೂ ಹೀಗೆ ಮಾಡಿದ್ದರೆ ಜನ ಪರ್ಸು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಇಳಿಯುವವರು “ಎನ್ ಲಾ ಎಸ್ಕಿನೀತಾ” ಎನ್ನುತ್ತಾರೆ, ಪುಟ್ಟ ಮೂಲೆಯಲ್ಲಿ ನಿಲ್ಲಿಸಿ ಎಂದು. ಮೂಲೆ ನಮ್ಮ ಹಲಸೂರಿನ ಮೂಲೆಯಷ್ಟೇ ದೊಡ್ಡದಿರುತ್ತದೆ. ಕೇಳುವ ಕೆಲಸ ಚಿಕ್ಕದು, ನಿಮಗೆ ತೊಂದರೆಯಿಲ್ಲ ಎಂದು ಡ್ರೈವರಿಗೆ ಬೆಣ್ಣೆ ಹಚ್ಚುವ ರೀತಿ ಅದು. ನಮ್ಮಲ್ಲಿ ಬಸ್ಸಿನ ತಗಡು ಬಡಿಯುತ್ತಾರೆ.

ಒಂದು ದಿನ ಚಟ್ನಿಗೆ ತೆಂಗಿನಕಾಯಿ ಬೇಕಾಯಿತು. ಕಾಯಿಗೆ ‘ಕೋಕೊ’. ಅಂಗಡಿಯ ಬಾಲ ಹಚ್ಚಿ “ಕೊಕೆರೀಯಾ ಎಲ್ಲಿ?” ಎಂದು ಬೀದಿಯಲ್ಲಿ ಕೇಳಿದೆ. ಅಂಥದ್ದೊಂದು ಅಂಗಡಿ ಆ ಊರಿನಲ್ಲಿ ಇಲ್ಲ, ಪದವೂ ಇಲ್ಲ. ಆದರೂ ಗೊತ್ತಿಲ್ಲ ಎಂದು ಒಬ್ಬರೂ ಹೇಳಲಿಲ್ಲ. ಒಬ್ಬರು ಎಡಕ್ಕೆ ಕಳಿಸಿದರು, ಒಬ್ಬರು ಬಲಕ್ಕೆ. ಕೊನೆಗೆ ಒಬ್ಬ ಹೆಂಗಸು ತನ್ನ ಅಂಗಡಿಯನ್ನು ಪಕ್ಕದವಳಿಗೆ ಒಪ್ಪಿಸಿ, ಮಾರುಕಟ್ಟೆಯವರೆಗೆ ನನ್ನ ಜೊತೆ ಬಂದು, ಕಾಯಿ ಅಲ್ಲಾಡಿಸಿ ನೀರಿದೆಯೇ ನೋಡಿ ಕೊಡಿಸಿದಳು. ಈ ಯಶಸ್ಸಿನಿಂದ ನನ್ನ ಧೈರ್ಯ ಹೆಚ್ಚಿತು. ಅದೇ ಮುಂದೆ ಮುಳುವಾಯಿತು.

ಇಪ್ಪತ್ತಮೂರನೆಯ ದಿನ, ಭಾನುವಾರ

ಆ ಭಾನುವಾರ ದೋನ್ಯಾ ಲೂಪೆಯ ಅಕ್ಕ ಮಾರ್ಗಾ ಮಗು ನೋಡಲು ಬಂದರು. ಕಾವ್ಯ ಸ್ನಾನಕ್ಕೆ ಹೋಗಿದ್ದಳು, ಆಂದ್ರೆಸ್ ಬ್ರೆಡ್ಡು ತರಲು. ಮಗು ನನ್ನ ತೊಡೆಯ ಮೇಲೆ, ಆಗಷ್ಟೇ ಎಣ್ಣೆ ನೀರು ಕಂಡು ಫಳಫಳ ಹೊಳೆಯುತ್ತಿತ್ತು.

ಮಾರ್ಗಾ ಹೊಗಳಲು ಶುರು ಮಾಡಿದರು. ಎಷ್ಟು ಚೆಲುವೆ! ಎಂಥ ಕೈಗಳು! ಎಂಥ ಕಣ್ಣುಗಳು ಎನ್ನಲು ಅವರು ಓತೆ ಹಚ್ಚಿ “ಓಹೋತೆಸ್” ಎಂದರು, ಇಷ್ಟಗಲ ಕಣ್ಣು ಎಂದು. ಒಂದೊಂದು ಮಾತಿಗೂ ನನಗೆ ಎದೆ ಧಸಕ್ ಎನ್ನುತ್ತಿತ್ತು. ಕೆ.ಆರ್. ಪುರದ ಆಚೆ ರಾಗಿ ಬೆಳೆಯುತ್ತಿದ್ದ ಮನೆಯಲ್ಲಿ ಹುಟ್ಟಿದವನು ನಾನು. ಎಳೆಮಗುವನ್ನು ಎದುರಿಗೇ ಹೀಗೆ ಹೊಗಳುವುದನ್ನು ಕಂಡಿದ್ದರೆ ನನ್ನ ತಾಯಿ ಬಂದವರ ಕೈಗೆ ಕುಂಕುಮ ಕೊಟ್ಟು ಸಾಗಹಾಕುತ್ತಿದ್ದಳು. ಕಾವ್ಯ ಹುಟ್ಟಿದಾಗ ಅವಳನ್ನು ಆರು ತಿಂಗಳು ‘ಕೋತಿ ಮೂತಿ’ ಎಂದೇ ಕರೆದಿದ್ದಳು. ಮಗುವನ್ನು ಯಾರಾದರೂ ಹೊಗಳಿದರೆ ಮನೆಯವರು ತಕ್ಷಣ ತೆಗಳಬೇಕು. ಇಲ್ಲದಿದ್ದರೆ ದೃಷ್ಟಿಯಾಗುತ್ತದೆ. ಇದರಲ್ಲಿ ಚರ್ಚೆಯಿಲ್ಲ.

ಕೆನ್ನೆಗೆ ಇಡಲು ಕಾಡಿಗೆ ಇಲ್ಲ. ಬಳೆ ಪೆಟ್ಟಿಗೆಯಲ್ಲಿ. ಉಳಿದದ್ದು ನನ್ನ ಬಾಯಿ. ಕುರೂಪಿಗೆ ‘ಫೇಯಾ’ ಎನ್ನುತ್ತಾರೆ. ಇತಾ ಹಚ್ಚಿದರೆ ಮುದ್ದಾಗಿಬಿಡುತ್ತದೆ, ಮುದ್ದಿಗೆ ದೃಷ್ಟಿ ಹೋಗುವುದಿಲ್ಲ. ಬೇಕಾದದ್ದು ತಾತ್ಸಾರ. ನಾನು ಲೆಕ್ಕಾಚಾರ ಹಾಕಿಯೇ ಗಟ್ಟಿಯಾಗಿ ಹೇಳಿದೆ: “ಇಲ್ಲ. ಫೆಯೂಚಾ. ಫ್ಲಾಕೂಚಾ.” ಕುರೂಪಿ, ನರಪೇತಲಿ ಎಂದ ಹಾಗಾಯಿತು. ಮಾರ್ಗಾ ಮಗುವಿನ ತಲೆ ಮುಟ್ಟಲು ಕೈ ಚಾಚಿದರು. ನಾನು ಮಗುವನ್ನು ಆಚೆ ತಿರುಗಿಸಿಕೊಂಡು, ಮಗುವಿನ ಮೇಲೆ ಮೂರು ಸಲ “ಥೂ ಥೂ ಥೂ” ಎಂದೆ.

ಮಾರ್ಗಾ ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡು ಚೀಲ ಹೆಗಲಿಗೆ ಹಾಕಿಕೊಂಡರು. ದೋನ್ಯಾ ಲೂಪೆ ನನ್ನನ್ನು ನೋಡಲಿಲ್ಲ. ಏಪ್ರನ್ನು ಬಿಚ್ಚಿ ಮಡಚಿ ಕುರ್ಚಿಯ ಮೇಲಿಟ್ಟು, ಒಲೆಯ ಮೇಲೆ ‘ಕಾಲ್ದೊ’ ಇದೆ ಎಂದರು. ಕಾಲ್ದೀತೊ ಅನ್ನಲಿಲ್ಲ. ಅಕ್ಕ ತಂಗಿ ಇಬ್ಬರೂ ಹೊರಟುಹೋದರು.

ಕಾವ್ಯ ಒದ್ದೆ ತಲೆಯಲ್ಲೇ ಬಂದು ಎಲ್ಲ ಕೇಳಿ ತಲೆ ಹಿಡಿದು ಕೂತಳು. “ಅಯ್ಯೋ ಅಪ್ಪಾ, ಏನ್ ಹೇಳ್ಬಿಟ್ಟೆ! ಅವ್ರ ಮೊದಲ್ನೇ ಮೊಮ್ಮಗು ಅದು. ಅದ್ರ ಮೇಲೆ ಉಗಿದ್ಬಿಟ್ಯಾ?”

“ಉಗೀಲಿಲ್ಲಮ್ಮ. ಸುಮ್ನೆ ಥೂ ಅಂದೆ. ನಮ್ಮಜ್ಜಿ ಕಾಲದಿಂದ—”

“ಅವ್ರಿಗೇನ್ ಗೊತ್ತು ನಿಮ್ಮಜ್ಜಿ ಕಾಲ!”

ಆಂದ್ರೆಸ್ ತಾಯಿಗೆ ಫೋನ್ ಮಾಡಿದ. ಮಾವನ ಊರಿನ ಪದ್ಧತಿ ಅದು ಎಂದ. “ಎಸ್ತಾ ಬಿಯೆನ್” ಎಂದರಂತೆ, ಪರವಾಗಿಲ್ಲ ಎಂದು. ಆದರೆ ಸೋಮವಾರ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಆಂದ್ರೆಸ್ ಶಾಲೆಗೆ ಹೋದ ಮೇಲೆ ನಾನೂ ಕಾವ್ಯಳೂ ಮಗುವಿಗೆ ನೀರು ಹಾಕಲು ಹೆಣಗಿದೆವು. ನಾನು ಎರೆದ ನೀರು ಮಗುವಿನ ಮೂಗಿಗೆ ಹೋಯಿತು. ಕಾವ್ಯ ಸೊಂಟ ಹಿಡಿದುಕೊಂಡು ಬಾತ್‌ರೂಮಿನ ನೆಲದ ಮೇಲೆ ಕೂತು ಅತ್ತಳು. “ನೀನ್ ಹೋದ್ಮೇಲೆ ನಾನೇನಪ್ಪಾ ಮಾಡ್ಲಿ?” ಎಂದಳು.

ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಒಲಿಸಿಕೊಂಡು ಬನ್ನಿ ಎಂದು ಸರೋಜ ಹೇಳಿದ್ದ ಒಬ್ಬರೇ ಒಬ್ಬರನ್ನು ನಾನು ಓಡಿಸಿಬಿಟ್ಟಿದ್ದೆ. ಸರೋಜಳಿಗೆ ಎರಡು ದಿನ ಸಿಗ್ನಲ್ ಸರಿಯಿಲ್ಲ ಎಂದು ಸುಳ್ಳು ಹೇಳಿದೆ.

ಬೀಗಿತಿಯ ಮನೆ

ಬುಧವಾರ ಬೆಳಗ್ಗೆ ಪೆಟ್ಟಿಗೆಯಿಂದ ಬಜೆಯ ಬಳೆ ತೆಗೆದು ಜೇಬಿಗೆ ಹಾಕಿಕೊಂಡು ಒಬ್ಬನೇ ಕೊಂಬಿ ಹತ್ತಿದೆ. ದಾರಿಯಲ್ಲಿ ಫೋನಿನ ಅನುವಾದಕ್ಕೆ ‘ದೃಷ್ಟಿ’ ಎಂದು ಕೊಟ್ಟೆ. ಅದು ಕಣ್ಣಿನ ಡಾಕ್ಟರ ವಿಷಯ ಹೇಳತೊಡಗಿತು. ಫೋನ್ ಮುಚ್ಚಿಟ್ಟೆ.

ದೋನ್ಯಾ ಲೂಪೆ ಅಂಗಳದಲ್ಲಿ ಹೂಕುಂಡಗಳ ನಡುವೆ ಹುರುಳಿಕಾಯಿ ಬಿಡಿಸುತ್ತಿದ್ದರು. ಏಳಲಿಲ್ಲ, ಹೋಗು ಎನ್ನಲೂ ಇಲ್ಲ. ನಾನು ಎದುರಿಗೆ ಕೂತು ಬುಟ್ಟಿಗೆ ಕೈ ಹಾಕಿ ಕಾಯಿ ಬಿಡಿಸತೊಡಗಿದೆ. ನನಗೆ ಬರುವ ಕೆಲಸ ಅದು. ಸ್ವಲ್ಪ ಹೊತ್ತಾದ ಮೇಲೆ “ಪೆರ್ದೋನ್” ಎಂದೆ. ಕ್ಷಮಿಸಿ ಎನ್ನುವ ಆ ಪದಕ್ಕೆ ಯಾವ ಬಾಲವನ್ನೂ ಹಚ್ಚಲು ಹೋಗಲಿಲ್ಲ.

ಬಳೆಯನ್ನು ಅವರ ಮುಂದೆ ಇಟ್ಟೆ. ನನ್ನ ಕಣ್ಣು ತೋರಿಸಿ “ಓಹೊ” ಎಂದೆ, ಕೈಯಾಡಿಸಿ “ಮಾಲೊ” ಎಂದೆ, ಕೆಟ್ಟ ಕಣ್ಣು. ಆಮೇಲೆ ಮಗು ಎತ್ತಿಕೊಂಡ ಹಾಗೆ ತೋಳು ಮಡಿಸಿ, “ಬೊನೀತಾ, ಬೊನೀತಾ” ಎಂದು ಹೊಗಳಿ, ಮಗು ಕಾಹಿಲೆ ಬಿದ್ದ ಹಾಗೆ ಕತ್ತು ಜೋಲಿಸಿದೆ. “ಫೇಯಾ, ಫೇಯಾ” ಎಂದು ಬೈದು, ಮಗು ನಗುವ ಹಾಗೆ ನಕ್ಕೆ. ಅರವತ್ತಮೂರು ವರ್ಷದ ಗಂಡಸು ಹೀಗೆ ನಾಟಕ ಆಡುವುದನ್ನು ಪಕ್ಕದ ಮನೆಯವರು ಕಿಟಕಿಯಿಂದ ನೋಡುತ್ತಿದ್ದರು.

ದೋನ್ಯಾ ಲೂಪೆಯ ಕೈ ನಿಂತಿತು. ಬಳೆ ಎತ್ತಿ ಮೂಸಿ ನೋಡಿದರು. ಎದ್ದು ಒಳಗೆ ಹೋಗಿ, ಬಟ್ಟೆ ಮಡಿಕೆಯೊಳಗಿಂದ ಒಂದು ಪೊಟ್ಟಣ ತಂದರು. ಅದರಲ್ಲಿ ಕೆಂಪು ದಾರಕ್ಕೆ ಕಟ್ಟಿದ ಒಂದು ಕಂದು ಬೀಜ, ಜಿಂಕೆಯ ಕಣ್ಣಿನಂತೆ ನುಣುಪು. ಮಗುವಿನ ಮಣಿಕಟ್ಟು ತೋರಿಸಿದರು. ಬಾಗಿಲ ಕಡೆ, ಅಂದರೆ ಮಗನ ಮನೆಯ ಕಡೆ ತೋರಿಸಿ, ತುಟಿಗೆ ಬೆರಳಿಟ್ಟರು. ಮಗ ಬೇಡ ಎಂದಿದ್ದಾನೆ, ಸೊಸೆ ಓದಿದವಳು, ನಗುತ್ತಾಳೆ. ಅದಕ್ಕೇ ಬಚ್ಚಿಟ್ಟಿದ್ದರು.

ಆಮೇಲೆ ನನಗೆ ಅವರ ಪಾಠ. ಒಂದು ಹೂವಿನ ಗಿಡವನ್ನು ದೂರದಿಂದ ನೋಡಿ “ಬೊನೀತಾ” ಎಂದು ಹೊಗಳಿ, ಕೈ ಹಿಂದಕ್ಕೆ ಕಟ್ಟಿಕೊಂಡು, ಗಿಡ ಬಾಡಿದ ಹಾಗೆ ಕತ್ತು ಬಾಗಿಸಿದರು. ಮತ್ತೆ ಹೊಗಳಿ, ಈ ಸಲ ಎಲೆಯನ್ನು ಸವರಿ, ತಲೆ ಎತ್ತಿ ನಕ್ಕರು. ಅಲ್ಲಿ ಹೊಗಳಿದವರು ಮುಟ್ಟಲೇಬೇಕು. ಮುಟ್ಟಿದರೆ ಕಣ್ಣು ತಾಗುವುದಿಲ್ಲ. ಮಾರ್ಗಾ ಕೈ ಚಾಚಿದ್ದು ಮಗುವನ್ನು ಕಾಯಲಿಕ್ಕೆ, ನಾನು ಮಗುವನ್ನು ಆಚೆ ತಿರುಗಿಸಿದ್ದೂ ಕಾಯಲಿಕ್ಕೇ. ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಒರೆಸಿಕೊಳ್ಳಲು ಅವರು ಹೆಗಲ ಮೇಲಿನ ಬಟ್ಟೆಯ ಅಂಚು ಕೊಟ್ಟರು.

ಇಬ್ಬರೂ ಒಂದೇ ಕೊಂಬಿಯಲ್ಲಿ ಬಂದೆವು. ದಾರಿಯಲ್ಲಿ ಇಳಿದು ಮಾರ್ಗಾರನ್ನೂ ಕರೆದುಕೊಂಡೆವು. ಕಾವ್ಯ ಬಾಗಿಲು ತೆರೆಯುವಾಗ ಮೂವರು ಮುದುಕರು ಸಾಲಾಗಿ ನಿಂತಿದ್ದೆವು. ಮಾರ್ಗಾ ನೇರ ಹೋಗಿ ಮಗುವಿನ ತಲೆ ಮುಟ್ಟಿದರು. ಬಲಗೈಗೆ ನಾನು ಬಜೆಯ ಬಳೆ ಹಾಕಿದೆ, ಎಡಗೈಗೆ ದೋನ್ಯಾ ಲೂಪೆ ಕೆಂಪು ದಾರ ಕಟ್ಟಿದರು. ಕಾವ್ಯ ಏನೋ ಹೇಳಲು ಬಾಯಿ ತೆರೆದಳು. ಅತ್ತೆ ಏಪ್ರನ್ನು ಕಟ್ಟಿಕೊಳ್ಳುವುದನ್ನು ನೋಡಿ ಮಗುವನ್ನು ಅವರ ಕೈಗೆ ಕೊಟ್ಟಳು.

ಹೊರಡುವ ದಿನ

ನಲವತ್ತು ದಿನ ಕಳೆದ ಮೇಲೆ ನಾನು ಹೊರಟೆ. ಬೆಳಗಿನ ಹೊತ್ತು, ಟ್ಯಾಕ್ಸಿ ಬಾಗಿಲಲ್ಲಿತ್ತು. ಕಾವ್ಯ ಎಷ್ಟೋ ದಿನದ ಮೇಲೆ ಸೀರೆ ಉಟ್ಟು, ಮೈತುಂಬಿಕೊಂಡು, ಕೂದಲು ಬಿಟ್ಟು, ಮಗುವನ್ನು ಎತ್ತಿಕೊಂಡು ಬೀದಿಗೆ ಬಂದಳು. ಬಾಣಂತನದ ಕಳೆ ಮುಖದಲ್ಲಿತ್ತು. ಹೆತ್ತವನು ನಾನು, ದೃಷ್ಟಿಯಾದೀತೆಂದು ಚೆಂದ ಕಾಣುತ್ತೀಯ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಎದುರು ಮನೆಯಾಕೆ ನೆಲ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿ, ಆ ಬದಿಯಿಂದಲೇ ಕೂಗಿದಳು: ನಿಮ್ಮ ಸೊಸೆ ಎಷ್ಟು ಚೆಲುವಾಗಿದ್ದಾಳೆ, ದೋನ್ಯಾ ಲೂಪೆ!

ಬೀದಿ ಅಗಲವಾಗಿತ್ತು. ಆಕೆ ಬಂದು ಮುಟ್ಟುವಷ್ಟು ಹತ್ತಿರ ಇರಲಿಲ್ಲ. ದೋನ್ಯಾ ಲೂಪೆ ನನ್ನ ಮಗಳ ಮುಂದೆ ಅಡ್ಡ ನಿಂತು, ಇಡೀ ಬೀದಿಗೆ ಕೇಳುವ ಹಾಗೆ “ಇಲ್ಲ! ಫೆಯೂಚಾ!” ಎಂದರು. ಆಮೇಲೆ ಕಾವ್ಯಳ ಕಡೆ ತಿರುಗಿ, ಹಿಮ್ಮಡಿ ಎತ್ತಿ, ಮುಖಕ್ಕೆ ಮೂರು ಸಲ ಥೂ ಥೂ ಥೂ ಎಂದರು.

ಎದುರು ಮನೆಯಾಕೆಯ ಕೈಯಿಂದ ಪೊರಕೆ ಬಿತ್ತು. ಕಾವ್ಯ ಅತ್ತೆಯ ಭುಜಕ್ಕೆ ಮುಖ ಒತ್ತಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಕಾಣಲಿಲ್ಲ.

ಟ್ಯಾಕ್ಸಿ ಮುಖ್ಯರಸ್ತೆಗೆ ಬಂದ ಮೇಲೆ ಸರೋಜಳಿಗೆ ಫೋನ್ ಮಾಡಿದೆ.

“ಬೀಗ್ತಿ ನಮ್ ಹುಡ್ಗೀನ ಬೀದೀಲಿ ನಿಂತು ಕುರೂಪಿ ಅಂದ್ರು ಕಣೆ. ಮುಖಕ್ಕೆ ಥೂ ಅಂದ್ರು.”

ಹಲಸೂರಿನಲ್ಲಿ ಸರೋಜ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

“ಅಂದ್ರಾ? ಹಾಗಾದ್ರೆ ಇನ್ನ ಚಿಂತೆ ಇಲ್ಲ ಬಿಡಿ,” ಎಂದಳು. “ನೀವು ಮನೆಗ್ ಬನ್ನಿ.”